ಹಾವಿನ ಬೆನ್ನ ಮೇಲಿನ ಬಟ್ಟಲು

ತಖ್ತ್ ಮಹಲಿನ ಕಮಾನಿನ ಮೂಲೆಯಲ್ಲಿ
ಹುಲಿಯೋ ಸಿಂಹವೋ ಒಂದು,
ಬೆನ್ನ ಹಿಂದೆ ಅರ್ಧ ಹುಟ್ಟಿದ ಸೂರ್ಯ.
ಕಾವಲಿನ ಪೀರಪ್ಪ ಹುಲಿ ಅನ್ನುತ್ತಾನೆ.
"ಪಟ್ಟಿ ಕಾಣವಲ್ವು, ಖರೆ. ಅಳಿಸ್ಯಾವ. ಹುಲೀನೇ ಅದ."
ನಾನು ಬರೆದುಕೊಂಡೆ: ಸಿಂಹರಾಶಿ, ರವಿಯ ಮನೆ,
ಆಮೇಲೊಂದು ಪ್ರಶ್ನಾರ್ಥಕ ಚಿಹ್ನೆ.
ಮೂರು ವರ್ಷದ ಸಂಶೋಧನೆಯಲ್ಲಿ
ನನ್ನ ಕೈಗೆ ಚೆನ್ನಾಗಿ ಕೂತದ್ದು ಅದೊಂದೇ.

ಚೌಬಾರಾದ ಹಿಂದೆ ಬಾಡಿಗೆ ಕೋಣೆ.
ಗೋಡೆಗೆ ಕರಿ ಬಟ್ಟೆ ಹೊಡೆದು
ಗುಂಡುಸೂಜಿಯಲ್ಲಿ ಚಿತ್ರಗಳನ್ನು ಚುಚ್ಚಿದ್ದೇನೆ:
ಜರ್ಮನಿಯ ಹಳೆಯ ಪಂಚಾಂಗದ ಮರದಚ್ಚು,
ಅಷ್ಟೂರಿನ ಗುಮ್ಮಟದ ಒಳಮೈ,
ಬಸ್ ಸ್ಟ್ಯಾಂಡ್ ಗೋಡೆಯಿಂದ ಕಿತ್ತು ತಂದ
'ಅಂಗೈ ನೋಡಿ ಭವಿಷ್ಯ ಹೇಳಲಾಗುವುದು.'
ಕೊನೆಯದನ್ನು ತೆಗೆಯಿರಿ ಅಂದರು ಕಲಬುರಗಿಯ ಗೈಡ್.
ತೆಗೆದಿಲ್ಲ.

ನನಗೆ ಬರುವ ಜರ್ಮನ್ ಇಷ್ಟು: ಪದ ಮುರಿದು ಓದುವುದು.
ಶಬ್ದಗಳು ಅಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳು,
ಕೊಂಡಿ ಕಳಚಬೇಕು.
ಒಂದನ್ನು ಕಳಚಿದೆ: ಯೋಚನೆ, ಮತ್ತೆ ಜಾಗ.
ಭಯಕ್ಕೂ ಭಯಪಟ್ಟವರಿಗೂ ನಡುವೆ
ಚಿತ್ರ ತೆರವು ಮಾಡಿಕೊಡುವ ಜಾಗವಂತೆ.
ಎಷ್ಟಗಲ, ಪುಸ್ತಕ ಹೇಳುವುದಿಲ್ಲ.
ಅವಕಾಶ, ಎಂದು ಬರೆದೆ ಕನ್ನಡದಲ್ಲಿ.
ಅದರೊಳಗೆ ಆಕಾಶವೂ ಕೇಳುತ್ತದೆ, ಕಿವಿಗೊಟ್ಟರೆ.

ನನಗೆ ಸಿಕ್ಕಿದ್ದು ನಾಲ್ಕು ಬೆರಳು.
ಭಾಲ್ಕಿಯವರು ಜಾತಕ ತಿರುಗಿ ಕಳಿಸಿದರು,
ಹುಮನಾಬಾದಿನವರು ಕಳಿಸಲೂ ಇಲ್ಲ.
ಆಶ್ಲೇಷಾ. ಅತ್ತೆಗೆ ಆಗಿಬರುವುದಿಲ್ಲ.
ಅವ್ವ ಆ ಸಂಜೆ ಸದ್ದಿಲ್ಲದೆ ಪಾತ್ರೆ ತೊಳೆದಳು,
ಅಷ್ಟು ನಿಧಾನ ಎಂದೂ ತೊಳೆದವಳಲ್ಲ.

ಮರದಚ್ಚಿನ ಆಕಾಶದಲ್ಲಿ ನನ್ನ ನಕ್ಷತ್ರ ಹುಡುಕಿದ್ದು
ಸಂಶೋಧನೆಯಲ್ಲ, ಕಬೂಲು.
ಸಿಂಹದ ಕಾಲಡಿ ಉದ್ದಕ್ಕೆ ಒಂದು ನೀರುಹಾವು,
ಅದರ ತಲೆಯ ಚುಕ್ಕೆಗಳೇ ಆಶ್ಲೇಷಾ.
ಅದು ಯಾರನ್ನೂ ಕಚ್ಚುತ್ತಿಲ್ಲ.
ಬೆನ್ನ ಮೇಲೆ ಬಟ್ಟಲು ಹೊತ್ತಿದೆ, ತುಳುಕಿಸದೆ.
ಬಾಲದ ಕಡೆ ಒಂದು ಕಾಗೆ.
ಕೆತ್ತಿದವನು ಬಟ್ಟಲಿಗೆ ಅಂಚಿನ ಪಟ್ಟಿಯನ್ನೂ ಬಿಡಿಸಿದ್ದಾನೆ,
ಯಾರೋ ಈಗಷ್ಟೇ ಕುಡಿದು ಇಟ್ಟ ಹಾಗೆ.

ತಾಹೇರಾ ಆಪಾಗೆ ತೋರಿಸಿದೆ,
ಪಕ್ಕದ ಕಾರ್ಖಾನೆಯಲ್ಲಿ ಬಿದರಿ ಹೂದಾನಿಗೆ
ಬೆಳ್ಳಿ ತಂತಿ ಕೂರಿಸುವಾಕೆ.
ಬಟ್ಟಲನ್ನೇ ನೋಡಿದಳು ಬಹಳ ಹೊತ್ತು.
"ಬುಡ ಸಣ್ಣದಾಗ್ಯದ. ನೆಲದ ಮ್ಯಾಲ ನಿಲ್ಲಂಗಿಲ್ಲ ಇದು.
ಹಾವು ಹೊತ್ತದ, ಅದಕ ನಿಂತದ."
ಕೋಟೆಯ ಮಣ್ಣು, ನವಸಾಗರ, ಕುದಿಯುವ ನೀರು:
ಹೂದಾನಿ ಅದ್ದಿದಳು.
ಲೋಹವೆಲ್ಲ ಕಪ್ಪಾಯಿತು, ಬೆಳ್ಳಿ ಮಾತ್ರ ಒಪ್ಪಲಿಲ್ಲ.
ಅತ್ತೆಯ ವಿಷಯ ಹೇಳಿದೆ, ನಗುತ್ತಲೇ.
"ಅತ್ತಿ ಎಲ್ಲಿ ಅದಾಳ?"
ಇನ್ನೂ ಇಲ್ಲ.
"ಮತ್ತ ಹೆದರಿದಾಕಿ ಯಾರು?"

ಆ ಕಾಗೆಯ ಐದು ಚುಕ್ಕೆಗಳು
ನಮ್ಮವರಿಗೆ ಕಾಗೆಯಲ್ಲ ಆಪಾ, ಹಸ್ತಾ, ಅಂಗೈ ಅಂದೆ.
ಆಕೆ ತನ್ನದನ್ನು ಚಾಚಿದಳು.
ಗೆರೆಯೊಳಗೆಲ್ಲ ಮಸಿ, ಒಂದು ಭವಿಷ್ಯವೂ ಓದಲಾಗದಷ್ಟು.

ನಾಲ್ಕನೇ ಅಧ್ಯಾಯ ಇನ್ನೂ ಶುರುವಾಗಿಲ್ಲ.
ಜಾತಕದ ಜೆರಾಕ್ಸನ್ನು ಕರಿ ಬಟ್ಟೆಗೆ ಚುಚ್ಚಿದೆ,
ಮರದಚ್ಚಿನಿಂದ ನಾಲ್ಕು ಬೆರಳು ಬಿಟ್ಟು.
ಮರದಚ್ಚಿನ ಅಂಚಿಗೆ ಆಪಾಳ ಹೆಬ್ಬೆಟ್ಟಿನ ಕಪ್ಪು ಅಂಟಿದೆ.
ಯಾವ ಶತಮಾನ, ಯಾವ ಶೈಲಿ,
ಅಡಿಟಿಪ್ಪಣಿಯಲ್ಲಿ ಏನು ಬರೆಯಲಿ ಅಂತ
ಪೀರಪ್ಪನನ್ನು ಕೇಳಬೇಕು.
ಅವನು ಹುಲಿ ಅಂದಾನು.