ಕಣ್ಣಿರುವ ಹೋಳು

ಜೂನ್ ಮೊದಲ ವಾರ. ಕೊಪ್ಪಲಿನ ಜಗಲಿಗಳ ತುಂಬ
ಬಿತ್ತನೆ ಆಲೂಗೆಡ್ಡೆಯ ರಾಶಿ.
ಶಾಲೆಯಲ್ಲಿ ಹಾಜರಿ ಅರ್ಧಕ್ಕರ್ಧ.
ಬಂದವರ ಉಗುರ ಸಂದಿಯಲ್ಲೂ ಮಣ್ಣು,
ಹೊಸ ನೋಟ್‌ಬುಕ್ಕಿನ ಮೊದಲ ಹಾಳೆಗೆ
ಕಂದು ಬೆರಳಚ್ಚು.

ನಾನಿಲ್ಲಿಗೆ ಬಂದು ಎರಡನೇ ವರ್ಷ.
ಹಾಸನದಿಂದ ಎಂಟೂಕಾಲರ ಬಸ್ಸು,
ಚೀಲದಲ್ಲಿ ಊಟದ ಡಬ್ಬಿ, ಕೊಡೆ, ಕೆಂಪು ಪೆನ್ನು.
ಅದು ಮುಗಿದರೆ ಅಂತ ಇನ್ನೊಂದು ಕೆಂಪು ಪೆನ್ನು.

ಕಳೆದ ವರ್ಷ, ಮೂರನೇ ತರಗತಿಯ ಗಾನವಿ
‘ನನ್ನ ಮನೆ’ ಬರೆಯಿರಿ ಅಂದಾಗ
ಒಂದೇ ಸಾಲು ಬರೆದು ತಂದಿದ್ದಳು:
ಅವ ಗೆಡೆ ಕುಯಾಳೆ.

ಒತ್ತೆಲ್ಲ ಉದುರಿ
ಅವ್ವ ‘ಅವ’ ಆಗಿಬಿಟ್ಟಿದ್ದಳು.
ಮೂರು ಪದಕ್ಕೆ ಐದು ಕಡೆ ಸುತ್ತು ಹಾಕಿದೆ.
ಅವ್ವ ಅಲ್ಲ, ತಾಯಿ.
ಕುಯ್ಯೋದಲ್ಲ, ಕತ್ತರಿಸುವುದು.
ಗೆಡ್ಡೆ ಅಂದರೆ ಯಾವ ಗೆಡ್ಡೆ? ಪೂರ್ತಿ ಬರಿ.
ಬೋರ್ಡಿನ ಮೇಲೆ ನಾನೇ ದುಂಡಗೆ ಬರೆದುಕೊಟ್ಟೆ:
ನನ್ನ ತಾಯಿಯು ಆಲೂಗೆಡ್ಡೆಯನ್ನು ಕತ್ತರಿಸುತ್ತಾಳೆ.
ಹತ್ತು ಸಲ ಬರಿ ಅಂದೆ.
ಬರೆದಳು. ದುಂಡಗೆ. ಹತ್ತೂ ಸಲ.

ಆಮೇಲೆ ಮಾರ್ಚಿಯವರೆಗೆ
ಬೋರ್ಡಿನಲ್ಲಿಲ್ಲದ ಒಂದಕ್ಷರ ಆ ಹುಡುಗಿ ಬರೆಯಲಿಲ್ಲ.
ನನ್ನ ದಾಖಲೆ ಪುಸ್ತಕದಲ್ಲಿ ಅದರ ಎದುರು
‘ಉತ್ತಮ ಪ್ರಗತಿ’ ಅಂತಿದೆ.

ಈ ಸಲ ಬಾರದ ಮಕ್ಕಳನ್ನು ಕರೆಯಲು ಕೊಪ್ಪಲಿಗೆ ಹೋದೆ.
ಜಗಲಿಯ ಮೇಲೆ ಅವ್ವ, ಪಕ್ಕದಲ್ಲಿ ಗಾನವಿ,
ಇಬ್ಬರ ಕೈಯಲ್ಲೂ ಚಾಕು.
ಕೂತ್ಕಳಿ ಮಿಸ್, ಅಂತ ಗೋಣಿ ಹಾಸಿದರು.
ಸುಮ್ಮನೆ ಕೂರಲಾಗದೆ ನಾನೂ ಒಂದು ಗೆಡ್ಡೆ ತಗೊಂಡು
ಪಲ್ಯಕ್ಕೆ ಹೆಚ್ಚುವಂತೆ
ಸಮಸಮನಾಗಿ ನಾಲ್ಕು ಹೋಳು ಮಾಡಿದೆ.

ವರ್ಷದಿಂದ ಬಾಯಿ ಬಿಡದವಳು
ನನ್ನ ಮಣಿಕಟ್ಟು ಹಿಡಿದುಬಿಟ್ಟಳು:
‘ಹಂಗಲ್ಲ ಮಿಸ್! ಕಣ್ ನೋಡಿ ಕುಯ್ಬೇಕು.
ಹೋಳಿಗೊಂದ್ ಕಣ್ಣಾದ್ರೂ ಇರ್ಬೇಕು.
ಇಲ್ದಿದ್ರೆ ಮಣ್ಣಲ್ಲೇ ಕೊಳ್ತೋಗ್ತದೆ, ಮೊಳೆಯಕಿಲ್ಲ.’

ನನ್ನ ನಾಲ್ಕರಲ್ಲಿ ಕಣ್ಣಿದ್ದದ್ದು ಎರಡಕ್ಕೆ.
ಉಳಿದೆರಡನ್ನು ಅವಳವ್ವ ಏನೂ ಅನ್ನದೆ
ಸಾರಿನ ಪಾತ್ರೆಗೆ ಹಾಕಿದಳು.

ವಾಪಸು ಬಸ್ಸಿನಲ್ಲಿ
ಎಷ್ಟು ಹೋಳುಗಳ ಕಣ್ಣು ತೆಗೆದಿದ್ದೇನೆ ಅಂತ
ಲೆಕ್ಕ ಹಾಕಲು ಹೋಗಿ, ಬೂವನಹಳ್ಳಿ ಬರುವಷ್ಟರಲ್ಲಿ ಬಿಟ್ಟೆ.

ಮಾರನೆ ದಿನ ಸೀಮೆಸುಣ್ಣ ನನ್ನ ಕೈಯಲ್ಲಿ, ಮಾತು ಅವಳದು.
ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತ ಹೋದೆ:
ಹಂಗಲ್ಲ ಮಿಸ್. ಕಣ್ ನೋಡಿ ಕುಯ್ಬೇಕು.
ತರಗತಿ ಗೊಳ್ಳೆಂದಿತು. ತಮ್ಮ ಮನೆಯ ಮಾತು
ಬೋರ್ಡಿನ ಮೇಲೆ ಕೂತದ್ದನ್ನು ಯಾರೂ ಕಂಡಿರಲಿಲ್ಲ.
ಓದಲು ಬಾರದವರೂ ಓದಿದರು,
ಮುಂದಿನ ಪದ ಬಾಯಲ್ಲಿ ಮೊದಲೇ ಇತ್ತಲ್ಲ.
ಮಂಡಿಯಲ್ಲಿ ಮೂಟೆ ಹೊರುವವರ ಮಗ ತೌಸೀಫ್
ಕಿಸೆಯಿಂದ ತೂಕದ ಚೀಟಿ ತೆಗೆದು
ಇದನ್ನೂ ಬರೀರಿ ಮಿಸ್, ನಾನು ಓದ್ತೀನಿ ಅಂದ.

ಅವ್ವ ಅಂತ ಬರೆದಾಗ ಗಾನವಿ
ಬೋರ್ಡಿನ ಹತ್ತಿರಕ್ಕೇ ಬಂದು ಬಗ್ಗಿ ನೋಡಿದಳು.
‘ವ ಕೆಳಗೆ ಒಂದ್ ಮರಿ ವ ಕೂತದೆ.’
ಒತ್ತಕ್ಷರದ ಪಾಠ ಅವತ್ತು ನಾನು ಮಾಡಲಿಲ್ಲ.
ಸಂಜೆಯೊಳಗೆ ಅವರೇ ಮರಿಗಳನ್ನು ಹುಡುಕಿದರು:
ಅಪ್ಪನಲ್ಲೊಂದು, ಹಳ್ಳದಲ್ಲೊಂದು,
ಹಾಲಿನ ಡೈರಿಯ ಫಲಕದಲ್ಲಿ ಎಣಿಸಿದಷ್ಟು.

ಪುಸ್ತಕದ ಮಾತು ಬೇಡವೆಂದಲ್ಲ.
‘ಕತ್ತರಿಸುತ್ತಾಳೆ’ಯೂ ಬರಲಿ, ಸೊಪ್ಪಿನ ಹಾಗೆ,
ಕೆಳಗೆ ಬೇರು ಹಿಡಿದ ಮೇಲೆ.
ತಪಾಸಣೆಗೆ ಬಂದವರು ನೋಟ್‌ಬುಕ್ಕು ತಿರುವಿ
ಇದ್ಯಾವ ಭಾಷೆ ಮೇಡಂ, ಅಂದರು.
ನನಗೂ ಒಳ್ಳೆ ಉತ್ತರ ಹೊಳೆಯಲಿಲ್ಲ.
ಗಾನವಿಯದು ಸಾರ್, ಅಂದೆ.

ಒಂದು ಕೆಂಪು ಪೆನ್ನು ಈಗ ಟೊಮೇಟೊ ಬಿಡಿಸುವವರ ಪಾಲು.
ಇನ್ನೊಂದು ಚೀಲದಲ್ಲೇ ಇದೆ, ಸುಳ್ಳೇಕೆ,
ಇವತ್ತೂ ಕೈ ಅದರತ್ತ ಹೋಗಿತ್ತು.
ಮರಿಯೊಂದು ಕಾಣೆ. ನಾಳೆ ತಾನೇ ಬರುತ್ತದೆ.
ಹಾಳೆಯ ತುದಿಯಲ್ಲಿ ಅವಳ ಸಾಲು ಹೀಗಿತ್ತು:
ಮಿಸ್‌ಗೆ ಗೆಡ್ಡೆ ಕುಯ್ಯಕೆ ಬರಕಿಲ. ಕಲೀತಾರೆ.