ಮುಚ್ಚಳಿಕೆ

ಕೋರ್ಟಿನ ಕಾಂಪೌಂಡಿಗೆ ಒರಗಿದ ನನ್ನ ಟೈಪಿಂಗ್ ಅಂಗಡಿಗೆ
ಬಾಷಾನಗರದ ಖುರ್ಷಿದಬಿ ಬಂದಾಗ
ಸೆರಗಿನ ಅಂಚಿಗೆ ಇನ್ನೂ ಭಟ್ಟಿಯ ಹೊಟ್ಟು.
ಕೂರಲಿಲ್ಲ. ಮೊಬೈಲು ಚಾಚಿ,
'ಮಗಳು ಕಳಿಸ್ಯಾಳ, ಓದಿ ಹೇಳವ್ವ,
ನನ್ನ ಕರಸ್ಕಳಾಕೆ ಏನೇನು ಬರಕೊಡಬೇಕಂತೆ.
ಹುಟ್ಟಿದ್ದಕ್ಕೆ ದಾಖಲೆ ಇಲ್ಲ ನನ್ನತ್ರ. ಅಫಿಡವಿಟ್ಟು ಮಾಡು.'

ಮಗಳು ತಸ್ಲೀಮ ಕೆನಡಾದಲ್ಲಿ ನರ್ಸು,
ಮುದುಕರ ಮನೆಯೊಂದರಲ್ಲಿ ರಾತ್ರಿ ಪಾಳಿ.
ಯಾರ್ಯಾರದೋ ತಾಯಂದಿರನ್ನು
ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುತ್ತಾಳೆ,
ಬೆನ್ನು ಹುಣ್ಣಾಗದಂತೆ.
ತನ್ನ ತಾಯಿಗೆ ಮಾತ್ರ ಅರ್ಜಿ.

ಮೊದಲು ಹೆಸರು ಕೊಡಬೇಕು, ಆಮೇಲೆ ಚೀಟಿ ಎತ್ತುತ್ತಾರೆ, ಅಂದೆ.
'ಚೀಟಿನಾ?' ಕಣ್ಣರಳಿತು. 'ನಮ್ಮ ಓಣ್ಯಾಗೆ ನಾನೇ ನಡೆಸ್ತೀನಿ,
ಇಪ್ಪತ್ತು ಮಂದಿ. ತಡ ಆದ್ರೂ ಎಲ್ಲರಿಗೂ ಬರತೈತಿ.'
ಇದು ಹಾಗಲ್ಲಮ್ಮ. ಬರದೆಯೂ ಇರಬಹುದು.
'ಅದೆಂಥ ಚೀಟಿ ಮತ್ತೆ?'

ಬಂದರೆ ಮಗಳು ಮುಚ್ಚಳಿಕೆ ಬರೆಯಬೇಕು:
ಇಪ್ಪತ್ತು ವರ್ಷ ತಾಯಿಯ ಅನ್ನ, ಬಟ್ಟೆ, ಸೂರು ತನ್ನದೇ,
ಸರ್ಕಾರದ ಮೇಲೆ ಹೊರೆ ಹಾಕುವುದಿಲ್ಲ.

ಹೊರೆ ಅಂದದ್ದೇ ತಡ
ಪಕ್ಕದ ಮೇಜಿನ ನೋಟರಿ ಚನ್ನವೀರಯ್ಯ ಕನ್ನಡಕ ಹಣೆಗೇರಿಸಿದ:
'ಅವರದೂ ನ್ಯಾಯಾನೇ. ಒಂದಿನ ಕಂದಾಯ ಕಟ್ಟದೆ
ಕೊನೇಗಾಲಕ್ಕೆ ಹೋಗಿ ಅವರ ಆಸ್ಪತ್ರೆ ಮಂಚ ಹಿಡಿದ್ರೆ?
ಅಲ್ಲೇ ಹುಟ್ಟಿದ ಮುದುಕಿ ಸಾಲಿನಲ್ಲಿ ನಿಂತಿರ್ತಾಳೆ.'
ನನಗೆ ಉತ್ತರ ಹೊಳೆಯಲಿಲ್ಲ.
ಬೆರಳು ಸುಮ್ಮನೆ ಖಾಲಿ ಜಾಗ ಒತ್ತುತ್ತಿತ್ತು.

ಖುರ್ಷಿದಬಿಗೆ ಕೋಪವೇನೂ ಬರಲಿಲ್ಲ.
'ಖರೇ ಐತಿ ಸ್ವಾಮ್ಯಾರ.
ನಮ್ಮಮ್ಮನ್ನ ರಾಯದುರ್ಗದಿಂದ ಕರಕಂಬಂದಾಗ
ನಮ್ಮ ಭಾವನೂ ಇದನ್ನೇ ಕೇಳಿದ್ದ: ಎಷ್ಟು ದಿನ?
ರೊಟ್ಟಿ ಎಣಿಸಿ ಇಡೋ ಮನಿ. ತಪ್ಪಲ್ಲ, ಎಣಿಸಿದ್ರೇ ಸಾಲೋದು.
ಹನ್ನೊಂದು ವರ್ಷ ಇದ್ಲು. ಕಣ್ಣು ಹೋಗಿತ್ತು.
ಜರಡಿ ಮುಂದೆ ಕೂತು ಮಂಡಕ್ಕಿಯಾಗಿನ ಮರಳನ್ನ
ಬೆರಳಾಗೇ ಕಂಡು ತೆಗಿತಿದ್ಲು.
ಅವಳು ಹೋದ ಮೇಲೆ, ನಿಮ್ಮ ಮಂಡಕ್ಕಿ ಹಲ್ಲಿಗೆ ಕರಕರ ಅಂತೈತಿ
ಅಂತ ಮೊದಲು ಅಂದೋನು ಯಾರು ಗೊತ್ತಾ?
ನಮ್ಮ ಭಾವ.'

ಚನ್ನವೀರಯ್ಯ ಕನ್ನಡಕ ಇಳಿಸಿ ಮುದ್ರೆಗೆ ಶಾಯಿ ಹಚ್ಚಿದ.
ಅವನ ಮಾತೇನೂ ಸುಳ್ಳಾಗಲಿಲ್ಲ.

ಮಂಡಕ್ಕಿ ಚೀಲ ಆಳೆತ್ತರ; ತಲೆಗಿಟ್ಟರೆ ತೂಕವೇ ಇಲ್ಲ.
ಲಾರಿಯವನು ಮಾತ್ರ ತೂಕ ಕೇಳುವುದಿಲ್ಲ,
ಹಿಡಿಯುವ ಜಾಗಕ್ಕೆ ಬಾಡಿಗೆ ಹೇಳುತ್ತಾನೆ.
ದೇಶಗಳದೂ ಲಾರಿಯವನ ಲೆಕ್ಕವೇ ಇರಬೇಕು.

'ನಾನು ಏನು ತರ್ತೀನಿ ಅಂತ ಬರಿಯಾಕೆ ಜಾಗ ಐತಾ?'
ಹುಡುಕಿದೆ. ಆದಾಯ, ವೆಚ್ಚ, ಹಳೇ ಕಾಯಿಲೆ, ಎಕ್ಸ್‌ರೇ.
ಇರಲಿಲ್ಲ.
'ಹೋಗ್ಲಿ, ಮಗಳು ಅತ್ತಿದ್ದನ್ನ ಬರಿಯಾಕೆ?'
ನಾನು ಪರದೆ ಮೇಲಿಂದ ಕಣ್ಣೆತ್ತಲಿಲ್ಲ.

ನಿಮಗೆ ಹೋಗೋ ಮನಸ್ಸೈತಾ, ಕೇಳಿದೆ.
ಬಹಳ ಹೊತ್ತು ಪಿ.ಬಿ. ರೋಡಿನ ಬಸ್ಸು ನೋಡಿದಳು.
'ಬಾ ಅನ್ನೋದು ಅವಳ ಕೈಯಾಗಿರ್ಲಿ.
ಒಲ್ಲೆ ಅನ್ನೋದು ನನ್ನ ಕೈಯಾಗಿರ್ಲಿ.
ನಡುವೆ ಚೀಟಿ ಯಾಕವ್ವ?'

ಆಮೇಲೆ ಏನೋ ನೆನಪಾಗಿ:
'ನನಗೀಗ ಅರವತ್ತಾರು. ಅವರ ಇಪ್ಪತ್ತು ಸೇರ್ಸು.'
ಎಂಬತ್ತಾರು.
ಬಾಯಿಗೆ ಸೆರಗಿಟ್ಟು ನಕ್ಕಳು.
'ಸಿ.ಜಿ. ಆಸ್ಪತ್ರೆ ಡಾಕ್ಟ್ರು ಶುಗರ್ ನೋಡಿ
ಐದಕ್ಕೂ ಗ್ಯಾರಂಟಿ ಕೊಡಲಿಲ್ಲ.
ಇವರು ಭಾಳ ಉದಾರಿಗಳು!'

ಚೀಟಿ ಎತ್ತಿದರು. ತಸ್ಲೀಮಳ ಹೆಸರು ಬರಲಿಲ್ಲ.

ಮರುವರ್ಷ ಮತ್ತೆ ಬಂದಳು,
ಒಂದು ಕವರು ಮಂಡಕ್ಕಿ ಮೇಜಿಗಿಟ್ಟು ಈ ಸಲ ಕೂತಳು,
ಮೊಣಕಾಲು ಹಿಡಿದುಕೊಂಡು.
ಹಳೇ ಫೈಲು ತೆರೆದೆ. ತಿದ್ದಲಿಕ್ಕಿದ್ದದ್ದು ವಯಸ್ಸೊಂದೇ.
ಅರವತ್ತೇಳು, ಒತ್ತಿದೆ.
'ಅವರ ಇಪ್ಪತ್ತು ಹಂಗೇ ಐತಾ?'
ಹಾಗೇ ಇದೆ.
'ಹಂಗಾರೆ ಎಂಬತ್ತೇಳು.
ಕಾಯ್ಸಿದಷ್ಟೂ ಆಯಸ್ಸು ಬೆಳಸ್ತಾರ ನೋಡು. ತಿನ್ನವ್ವ, ಬಿಸಿ ಐತಿ.'

ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.
ಹಲ್ಲಿಗೆ ಕರಕರ ಅಂದದ್ದನ್ನು
ಹೇಳಲಿಲ್ಲ.