ಸುದಾರ್ಸ್ಕಿಯ ಅಳತೆ

ಕೌಲ್‌ಬಜಾರಿನಲ್ಲಿ ಅಳತೆ ಎಂದರೆ ಮೂರೇ ಅಂಕಿ:
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ಯಾರ ಕಾಲಿಗೆಂದು ಕೇಳದೆ
ದಿನಕ್ಕೆ ನೂರಿಪ್ಪತ್ತು ಜೀನ್ಸು ಹೊಲಿದು ಒಗೆಯುತ್ತೇವೆ.
ಅಂಥ ಅಂಗಡಿಗೆ, ಚೈತ್ರದ ಒಂದು ಮಧ್ಯಾಹ್ನ,
ಮೀಟರ್ ಓದುವ ಗಾದಿಲಿಂಗ ಬಂದು
'ಮಾಬುಸಾಬ, ನನಗೊಂದು ರಷ್ಯಾದ ಕೋಟು ಬೇಕು' ಅಂದ.

ಹೊರಗೆ ನಲವತ್ತೆರಡು ಡಿಗ್ರಿ.
ಕೋಟೆಗುಡ್ಡ ಒಲೆ ಮೇಲಿನ ಹಂಚು.
'ಚಳಿ ಎಲ್ಲಿ ಐತೋ?'
'ನಾಟಕದಾಗ ಐತಿ.'

ಒಳಗೆ ನಿಲ್ಲುವವನು ಯಾರೆಂದು ತಿಳಿಯದೆ
ಕತ್ತರಿ ಹಿಡಿಯಬಾರದು ಅಂತ ನಮ್ಮಪ್ಪನ ಮಾತು.
ಸ್ಟೂಲು ಹತ್ತಿಸಿದೆ. ಕೈ ಚಾಚಿದ.
ನಾನು ಟೇಪು ಬಿಚ್ಚಿದೆ, ಅವನು ಬಾಯಿ ಬಿಚ್ಚಿದ:

ಹೆಸರು ಪ್ಲಾತೊನ್ ಸುದಾರ್ಸ್ಕಿ.
ಹುಟ್ಟುತ್ತಲೇ ಮೂರು ಸಾವಿರ ಜೀವಕ್ಕೆ ಒಡೆಯ.
ಅಲ್ಲಿ ಸಿರಿತನಕ್ಕೆ ಎಕರೆ ಲೆಕ್ಕ ಅಲ್ಲವಂತೆ, ಆಳಿನ ಲೆಕ್ಕ.
ಹಾಲುಹಲ್ಲು ಬೀಳುವ ಮೊದಲೇ ದಂಡಿನ ಪಟ್ಟಿಯಲ್ಲಿ ಹೆಸರು
      (ಎದೆ ಮೂವತ್ತೆಂಟು)
ಇಪ್ಪತ್ತಕ್ಕೆ ಅರಮನೆಯ ಕುಣಿತ, ಸಾಲ,
ಯಾರದೋ ನಗುವಿಗಾಗಿ ಬೆಳಗಿನ ಜಾವ ಪಿಸ್ತೂಲು, ಭುಜಕ್ಕೆ ಗುಂಡು
      (ಎಡ ಭುಜ ಅರ್ಧ ಇಂಚು ತಗ್ಗು)
ಮೂವತ್ತೈದಕ್ಕೆ ದೂರದ ಸೀಮೆಗೆ ಗವರ್ನರು.
ಕಾಲರಾ ಬಂತು. ಬಾವಿಗೆ ವಿಷ ಹಾಕಿದ್ದಾರೆಂದು ಜನ ಎದ್ದರು.
ಅದೇ ಬಾವಿಯ ನೀರು ಎತ್ತಿ ಎಲ್ಲರೆದುರು ಕುಡಿದ.
ಮರುದಿನ ಅದೇ ಕಟ್ಟೆಯ ಮುಂದೆ
ನಲವತ್ತು ಜನಕ್ಕೆ ಬಾರುಕೋಲು.

'ಒಳ್ಳೆಯವನೋ, ಕೆಟ್ಟವನೋ?'
'ಎರಡನೇ ಅಂಕದ ತನಕ ಗೊತ್ತಾಗಂಗಿಲ್ಲ.'
      (ಬೆನ್ನು ನೆಟ್ಟಗೆ, ಸದ್ಯಕ್ಕೆ)

ಆಮೇಲೆ ರಾಜಧಾನಿ. ಮಂತ್ರಿ.
ಹನ್ನೊಂದು ವರ್ಷ ಒಂದೇ ಮೇಜು, ಮೂವರು ಶತ್ರುಗಳು, ಒಂದು ಕೆಮ್ಮು.
ಜೀತ ಬಿಡಿಸುವ ಕಾಯಿದೆಗೆ ಕರಡು ಬರೆದ.
ಆರು ಸಲ ಹರಿದರು. ಏಳನೆಯದಕ್ಕೆ ಚಕ್ರವರ್ತಿಯ ರುಜು ಬಿತ್ತು.
ಅವನ ಮೂರು ಸಾವಿರವೂ ಅದರೊಳಗೇ ಹೋಯಿತು.
ಆ ರಾತ್ರಿ ಬಾಯಾರಿ ಎದ್ದು
ತನ್ನ ಮನೆಯಲ್ಲಿ ನೀರು ಎಲ್ಲಿಡುತ್ತಾರೆಂದು ತಿಳಿಯದೆ
ದೀಪ ಹಿಡಿದು ಕೋಣೆ ಕೋಣೆ ಹುಡುಕಿದ.
      (ಹೊಟ್ಟೆ ಅಂಕಕ್ಕೊಂದು ಇಂಚು, ಒಳಗೆ ಮಡಿಕೆ ಬಿಡುವುದು)

'ಅವನ ಕೋಟು ಹೊಲೀತಿದ್ದವ ಯಾರು?' ಕೇಳಿದೆ.
ಗಾದಿಲಿಂಗ ಸ್ಟೂಲಿನ ಮೇಲೆಯೇ ಹಸ್ತಪ್ರತಿ ತಿರುವಿದ.
'ಅಂಥ ಪಾರ್ಟು ಇಲ್ಲ.'
'ಮೂರು ಸಾವಿರದಾಗ ಒಬ್ಬ ದರ್ಜಿ ಇದ್ದೇ ಇರ್ತಾನಲೋ.'
'ಇದ್ದಾನು.'

ನಮ್ಮಜ್ಜ ಕುರುಗೋಡಿನ ಕಡೆ ಒಂದು ವಾಡೆಯ ಮೆಟ್ಟಿಲ ಮೇಲೆ ಕೂತು
ವರ್ಷವಿಡೀ ಹೊಲಿದು ಎರಡು ಚೀಲ ಜೋಳ ತರುತ್ತಿದ್ದ.
ಒಳಗಿನ ಅಂಗಳ ಹೇಗಿತ್ತೆಂದು ಅವನಿಗೆ ಕಡೆಗೂ ಗೊತ್ತಾಗಲಿಲ್ಲ,
ಒಳಗಿದ್ದವರ ಕಂಕುಳ ಸುತ್ತಳತೆ ಮಾತ್ರ
ಸಾಯುವಾಗಲೂ ಬಾಯಿಪಾಠ.

ಕತ್ತಿಗೆ ಕೂಡ್ಲಿಗಿಯ ಕರಿ ಕಂಬಳಿ, ಬಾಚಿ ರೋಮ ಎಬ್ಬಿಸಿದೆ.
ಪದಕಗಳು ಸೋಡಾ ಮುಚ್ಚಳ, ಮೇಲೆ ಬಂಗಾರದ ಕಾಗದ.
ಅಸ್ತರಿಗೆ ಬಟ್ಟೆ ಸಾಲದೆ
ಜೀನ್ಸಿನ ಚೂರು ಕೂಡಿಸಿ ಹೊಲಿದೆ;
ಬಿಚ್ಚಿ ನೋಡಿದರೆ ಸಾಮ್ರಾಜ್ಯದ ಒಳಗೆಲ್ಲ ಬಳ್ಳಾರಿ.

ಪ್ರದರ್ಶನದ ದಿನ ಎರಡು ಸಲ ಕರೆಂಟು ಹೋಯಿತು.
'ಮೀಟರಿನವನೇ ಮಂತ್ರಿ, ಆದ್ರೂ ಕತ್ತಲು!' ಹಿಂದಿನಿಂದ ಯಾರೋ ಕೂಗಿದರು.
ಹೆಸರು ನಾಲಿಗೆಗೆ ಒಗ್ಗದೆ, ಮಧ್ಯಂತರದ ಹೊತ್ತಿಗೆ
ಸುದಾರ್ಸ್ಕಿ ಸುದರ್ಶನಪ್ಪ ಆಗಿದ್ದ.
ಹಿಮ ಉದುರುವ ಅಂಕದಲ್ಲಿ, ಹತ್ತಿಯ ಹಿಮ,
ಬೆವರಿಗೆ ಅಂಟಿ ಗಲ್ಲದ ಮೇಲೇ ನಿಂತಿತು.
'ಆರೋಗ್ಯದ ಕಾರಣ ವಿಶ್ರಾಂತಿ' ಎಂಬ ಕಾಗದ ಬಂತು.
ಅವನು ಓದಿದ. ಮಡಚಿದ. ಏನೂ ಅನ್ನಲಿಲ್ಲ.
ಎಡ ಭುಜ ಅರ್ಧ ಇಂಚು ಇಳಿಯಿತು,
ಸರಿಯಾಗಿ ನಾನು ಬಿಟ್ಟಷ್ಟೇ ಜಾಗಕ್ಕೆ.
ಜನ ಅವನ ಮುಖ ನೋಡುತ್ತಿದ್ದರು.

ಕೋಟು ಈಗ ನನ್ನ ಅಂಗಡಿಯ ಗೂಟಕ್ಕಿದೆ,
ಕಂಕುಳಲ್ಲಿ ಉಪ್ಪಿನ ಬಿಳಿ ನಕಾಶೆ.
ಕಾಜಾ ಹಾಕುವ ಹುಡುಗ ಊಟವಾದ ಮೇಲೆ
ಅದನ್ನೇ ಸುತ್ತಿ ತಲೆಗಿಟ್ಟು ಮಲಗುತ್ತಾನೆ.
ಅಳತೆ ಪುಸ್ತಕ, ಪುಟ ಅರವತ್ತೊಂದು:
ಸುದಾರ್ಸ್ಕಿ, ಮಂತ್ರಿ, ಎಡ ಭುಜ ತಗ್ಗು.
ಬಾಕಿ ಇನ್ನೂರ ಐವತ್ತು.